ಸೀಟಿಲ್ಲದ ಕಾರು

ಹೊಳೆಯ ದಂಡೆಗೆ ಒಂದು ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಬೇವಿನ ಮರ. ಮರದ ಕೆಳಗೆ ಉಸ್ತಾದ ದಾವಲಸಾಬ.

ಸುತ್ತಲಿನ ಊರುಗಳ ಗಾಡಿಗಳು ಕೆಟ್ಟರೆ ಅಲ್ಲಿಗೇ ಬರುತ್ತಿದ್ದವು. ಗಾಡಿ ಕೆಲಸ ಕಲಿಯುವವರೂ ಅಲ್ಲಿಗೇ ಬರುತ್ತಿದ್ದರು. ಬಂದವರಿಗೆಲ್ಲ ಉಸ್ತಾದ ಮೊದಲು ಕೊಡುತ್ತಿದ್ದ ಕೆಲಸ ಒಂದೇ. ತಾಮ್ರದ ಸಣ್ಣ ಪೈಪನ್ನು ಸಲಿಕೆಯ ಹಿಡಿಕೆಗೆ ಸುತ್ತಿ ಸುರುಳಿ ಮಾಡುವುದು. ಪೈಪು ಚಪ್ಪಟೆಯಾಗಬಾರದು, ಮುರಿಯಬಾರದು. ಆತುರಗಾರರು ಅಲ್ಲೇ ಸೋಲುತ್ತಿದ್ದರು.

ಚನ್ನವೀರ ಮೀಸೆ ಮೂಡುವ ಮೊದಲೇ ಅಲ್ಲಿ ಸುರುಳಿ ಸುತ್ತಿದವನು. ಕೆಲಸ ಕಲಿತ. ಲಾರಿ ಹತ್ತಿದ. ಮದುವೆಯಾದ. ಒಂದು ಹೆಣ್ಣುಮಗುವಿನ ತಂದೆಯಾದ. ಈಗ ಹೆಂಡತಿಯನ್ನು ಮಣ್ಣಿಗೆ ಕೊಟ್ಟು ತಿರುಗಿ ಬಂದಿದ್ದ.

ಬರುವಾಗ ಒಂದು ಹಳೆಯ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದ.

“ಇದನ್ನ ಕಟ್ಟಬೇಕ್ರಿ ಉಸ್ತಾದ.”

“ಕಟ್ಟು.”

“ಇದರ ಇಂಜಿನ್ ಸಾಲೂದಿಲ್ರಿ. ದೊಡ್ಡದು ಇಡ್ತೀನಿ. ಅದಕ್ಕ ಟರ್ಬೊ ಕೂಡಿಸ್ತೀನಿ.”

“ಎಷ್ಟು ಜೋರು ಓಡಬೇಕು?”

“ಎಷ್ಟು ಆಕ್ಕೈತೊ ಅಷ್ಟು.”

“ಎಲ್ಲಿಗೆ?”

ಚನ್ನವೀರ ಬೋಲ್ಟು ಬಿಚ್ಚುವ ಪಾನಾ ಹಿಡಿದು ಕಾರಿನ ಅಡಿಗೆ ಹೋದ.

ಆ ಕಾರು ಓಡುತ್ತಿರಲಿಲ್ಲ. ಚನ್ನವೀರ ಮತ್ತು ಹೆಂಡತಿ ಕಸ್ತೂರಿ ಕೂಡಿ ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಓಡದ ಕಾರನ್ನೇ ಕಸ್ತೂರಿ ಅಮವಾಸ್ಯೆಗೊಮ್ಮೆ ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟುತ್ತಿದ್ದಳು. ನೆರೆಯವರು ನಗುತ್ತಿದ್ದರು. “ನಿಂತದ್ದಕ್ಕ ಪೂಜಿ ಮಾಡಿದ್ರ ಓಡತೈತೇನ?” ಎನ್ನುತ್ತಿದ್ದರು. “ಗುಡಿಯಾಗಿನ ದೇವರೂ ನಿಂತಾನ” ಎನ್ನುತ್ತಿದ್ದಳು ಕಸ್ತೂರಿ.

ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕೂತಿದ್ದಳು. ಹಾಗೇ ಗೋಡೆಗೆ ಒರಗಿದಳು. ನೋವು ಅಂದಿರಲಿಲ್ಲ, ಜ್ವರ ಬಂದಿರಲಿಲ್ಲ. ಒಂದು ಗುರುತು ಅಂತ ಇರಲಿಲ್ಲ. ನೆರೆಯವನ ಟೆಂಪೋದಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟರು. ಊರು ದಾಟಿದ ಮೇಲೆ ಒಂದು ಏರು. ಏರಿನಲ್ಲಿ ಟೆಂಪೋ ಆಮೆಯಾಯಿತು. ನೆತ್ತಿ ಮುಟ್ಟುವುದರೊಳಗೆ ಮುಗಿದಿತ್ತು.

ಆ ಏರು ಚನ್ನವೀರನ ಎದೆಯೊಳಗೆ ಉಳಿದುಬಿಟ್ಟಿತು. ಕೂತರೂ ಹತ್ತುತ್ತಿದ್ದ, ಮಲಗಿದರೂ ಹತ್ತುತ್ತಿದ್ದ. ಒಂದು ಕಡೆ ಕೂಡಲು ಆಗುತ್ತಿರಲಿಲ್ಲ. ರೊಟ್ಟಿಯನ್ನೂ ನಿಂತೇ ತಿನ್ನುತ್ತಿದ್ದ.

ಮಗಳು ಪಾರಿ ಗುಡ್ಡದಾಚೆಯ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಮಣ್ಣು ಮಾಡಿದ ದಿನ ಮಾವ ಕರೆದುಕೊಂಡು ಹೋಗಿದ್ದ. ಹೋಗುವಾಗ ಅಪ್ಪ ಒಂದು ಮಾತು ಕೊಟ್ಟಿದ್ದ.

“ನಮ್ಮ ಕಾರು ತಯಾರಾಗ್ಲಿ. ಅದರಾಗ ಬಂದು ಕರಕೊಂಡು ಹೋಗ್ತೀನಿ.”

ಉಸ್ತಾದನಿಗೆ ಇದು ಗೊತ್ತಿತ್ತು.

“ಬಸ್ಸು ಅದಾವಲ್ಲೊ ಚನ್ನ್ಯಾ. ಮುಂಜಾನೆ ಹತ್ತಿದ್ರ ಸಂಜಿಗೆ ಕೂಸು ಮನ್ಯಾಗ.”

“ಮಂದಿ ಗಾಡಿ ನಂಬಾಂಗಿಲ್ರಿ.”

“ನಿನ್ನ ಗಾಡಿ?”

“ಅದನ್ನ ನಂಬೂ ಹಂಗ ಮಾಡ್ತೀನಿ.”

ಮಾಡತೊಡಗಿದ. ದೊಡ್ಡ ಇಂಜಿನ್ ಬಂತು. ಅದು ಹಳೆಯ ಕಾರಿನ ಹೊಟ್ಟೆಗೆ ಹಿಡಿಸಲಿಲ್ಲ. ತಗಡು ಕತ್ತರಿಸಿ ಹಿಡಿಸಿದ. ಟರ್ಬೊ ಬಂತು. ಹೊಗೆಯ ರಭಸಕ್ಕೆ ಗರಗರ ತಿರುಗಿ ಇಂಜಿನ್ನಿಗೆ ಗಾಳಿ ತುರುಕುವ ಸಾಮಾನು ಅದು. ಅದನ್ನು ಕೂಡಿಸಿದ. ಭಾರ ಹೆಚ್ಚಾಯಿತು ಅನ್ನಿಸಿತು. ಭಾರ ಕಡಿಮೆ ಮಾಡಲು ಹೊರಟ. ಬಿಡಿ ಚಕ್ರ ತೆಗೆದ. ಬಾಗಿಲಿನ ಒಳಹಲಗೆ ತೆಗೆದ. ತಾನು ಕೂಡುವ ಸೀಟೊಂದನ್ನು ಬಿಟ್ಟು ಉಳಿದ ಸೀಟುಗಳನ್ನೆಲ್ಲ ಕಿತ್ತು ಬೇವಿನ ಬುಡಕ್ಕೆ ಎಸೆದ.

ಉಸ್ತಾದ ಎದ್ದು ಬಂದು ಹಿಂದಿನ ಉದ್ದ ಸೀಟನ್ನು ಝಾಡಿಸಿದ. ಮರದ ಕೆಳಗೆ ಸರಿಯಾಗಿ ಇಟ್ಟುಕೊಂಡು ಅದರ ಮೇಲೆ ಕೂತ.

“ಮೆತ್ತಗೈತಿ” ಎಂದ.

ಮುಂದಿನ ಸೀಟಿನಲ್ಲಿ ಕೋಳಿ ಕೂತಿತು.

ಆಮೇಲೆ ಮೀಟರುಗಳು ಶುರುವಾದವು. ಪೇಟೆಗೆ ಹೋದಾಗಲೆಲ್ಲ ಒಂದು ತರುತ್ತಿದ್ದ. ಸ್ಟೇರಿಂಗಿನ ಹಿಂದೆ ಜಾಗ ಮುಗಿಯಿತು. ಮುಂದಿನ ಹಲಗೆ ತುಂಬಿತು. ಮುಂದಿನ ಗಾಜಿನ ಪಕ್ಕದ ಕಂಬಕ್ಕೂ ಒಂದು ಏರಿತು.

ಉಸ್ತಾದ ಕಿಟಕಿಯಲ್ಲಿ ತಲೆ ಹಾಕಿ ನೋಡಿದ.

“ಇದೇನೊ?”

“ಆಯಿಲ್ ಒತ್ತಡರಿ.”

“ಇದು?”

“ಆಯಿಲ್ ಕಾವು.”

“ಇದು?”

“ನೀರಿನ ಕಾವು.”

“ಅದು ಮ್ಯಾಲಿಂದು?”

“ಹೊಗಿ ಕಾವು. ಅದರ ಬಾಜೂದು ಟರ್ಬೊದ ಗಾಳಿ.”

“ತಾಸು ಎಷ್ಟಾತಂತ ಹೇಳೂದು ಯಾವುದು?”

“ಅದಿಲ್ರಿ.”

“ಹಂಗಾರ ಊಟದ ಹೊತ್ತು ನಾನ ಹೇಳಬೇಕಾತು. ಬಾ, ರೊಟ್ಟಿ ತಿನ್ನು.”

ಚನ್ನವೀರ ರೊಟ್ಟಿ ಕೈಯಲ್ಲಿ ಹಿಡಿದು ಕಾರಿನ ಸುತ್ತ ತಿರುಗಿದ.

“ಇಷ್ಟೆಲ್ಲ ಯಾಕ?” ಎಂದ ಉಸ್ತಾದ.

“ಏನಾರ ಆಗೂಕಿಂತ ಮೊದಲ ಗೊತ್ತಾಗಬೇಕ್ರಿ.”

“ಎಷ್ಟು ಮೊದಲು?”

“ಎಷ್ಟು ಆಕ್ಕೈತೊ ಅಷ್ಟು.”

ಉಸ್ತಾದ ಹೊಳೆಯ ಕಡೆ ನೋಡಿದ.

ಆ ಹೊತ್ತಿಗೆ ಒಬ್ಬ ಓಡುತ್ತ ಬಂದ. ಮೈಯೆಲ್ಲ ಬೆವರು.

“ಉಸ್ತಾದ್ರಿ, ಗಾಡಿ ಬಂದ್ ಬಿತ್ರಿ. ಪೊಲೀಸ್ ನಾಕಾಬಂದಿ ದಾಟಿ ಬಯಲಾಗ ನಿಂತೈತಿ.”

ಚನ್ನವೀರ ಪಾನಾದ ಚೀಲಕ್ಕೆ ಕೈ ಹಾಕಿದ. “ಹೆಂಗ ನಿಂತಿತು? ಸಪ್ಪಳಾ ಬಂತೇನು? ಹೊಗಿ ಬಂತೇನು?”

ಉಸ್ತಾದ ಕೇಳಿದ್ದು ಬೇರೆ.

“ಮಂದಿ ಎಲ್ಲಿ ಅದಾರ?”

“ಗಾಡ್ಯಾಗ ಅದಾರ್ರಿ. ಹೆಣ್ಣು ನೋಡಾಕ ಹೊಂಟಿದ್ರು. ಮುದುಕರು, ಹುಡುಗರು.”

ಉಸ್ತಾದ ಒಳಗೆ ಹೋಗಿ ನೀರಿನ ಕೊಡ ತಂದು ಚನ್ನವೀರನ ಕೈಗೆ ಕೊಟ್ಟ.

“ಇದನ್ನ ಒಯ್ಯಿ.”

“ಪಾನಾ ಬಿಟ್ಟು ಕೊಡ ಯಾಕ್ರಿ?”

“ಪಾನಾ ಕುಡಿಯಾಕ ಬರೂದಿಲ್ಲ.”

ಚನ್ನವೀರ ಗೊಣಗುತ್ತ ಹೋದ. ಕೊಡವನ್ನು ಗಾಡಿಯ ನೆರಳಿಗಿಟ್ಟು ಬಾನೆಟ್ಟಿನೊಳಗೆ ತಲೆ ಹಾಕಿದ. ನೀರು ಯಾರು ಕುಡಿದರು, ಯಾರು ಬಿಟ್ಟರು, ಅವನಿಗೆ ಗೊತ್ತಿಲ್ಲ. ಗಾಡಿ ಮಾತ್ರ ಚಾಲೂ ಮಾಡಿ ಬಂದ.

ಕಡೆಗೆ ಉಳಿದದ್ದು ಆಯಿಲ್ ಮೀಟರಿನ ಪೈಪು. ಇಂಜಿನ್ನಿನಿಂದ ಹೊರಟು, ಮುಂದಿನ ತಗಡಿನ ತೂತಿನಿಂದ ಒಳಗೆ ಬಂದು, ಮೀಟರು ಮುಟ್ಟುವ ತಾಮ್ರದ ಸಣ್ಣ ಪೈಪು. ಇಂಜಿನ್ನಿನೊಳಗಿನ ಎಣ್ಣೆಯೇ ಅದರಲ್ಲಿ ಹರಿದು ಬಂದು ಮುಳ್ಳನ್ನು ಎತ್ತಬೇಕು.

ಚನ್ನವೀರ ಅದನ್ನು ವೀಣೆಯ ತಂತಿಯಂತೆ ನೆಟ್ಟಗೆ ಎಳೆದು ಬಿಗಿದ.

ಉಸ್ತಾದ ಹಾದು ಹೋಗುವಾಗ ನಿಂತ.

“ಸುರುಳಿ ಎಲ್ಲಿ?”

“ಹಾಕಿಲ್ರಿ. ಪೈಪು ಉದ್ದಾದ್ರ ಸುದ್ದಿ ಬರೂದು ತಡಾ ಆಕ್ಕೈತಿ. ನನಗ ಸುದ್ದಿ ಗಕ್ಕನ ಬೇಕು.”

“ಸುದ್ದಿ ಬಂತಂದ್ರ ಏನು ಮಾಡ್ತಿ?”

“ಗಕ್ಕನ ನಿಂದರಸ್ತೀನಿ.”

“ಹೌದೇನು?” ಎಂದ ಉಸ್ತಾದ. ಹೋಗಿ ಸೀಟಿನ ಮೇಲೆ ಕೂತ.

ಅಂದು ಮಧ್ಯಾಹ್ನ ಭಾವಮೈದುನನ ಫೋನು ಬಂತು. ಚನ್ನವೀರನ ಕೈಗೆಲ್ಲ ಗ್ರೀಸು. ಫೋನನ್ನು ಮಡ್‌ಗಾರ್ಡಿನ ಮೇಲಿಟ್ಟು ಜೋರು ಮಾಡಿದ.

“ಭಾವಾ, ಸೋಮವಾರ ಸಾಲಿ ಚಾಲೂ. ಐತವಾರದೊಳಗ ನೀ ಬರಲಿಲ್ಲಂದ್ರ ಇಲ್ಲೇ ಹೆಸರು ಹಚ್ಚತೀನಿ.”

“ಬರತೀನಿ.”

“ಹೋದ ತಿಂಗಳೂ ಹಿಂಗ ಅಂದಿ. ಅದರ ಹಿಂದಿನ ತಿಂಗಳೂ ಹಿಂಗ ಅಂದಿ. ಹೆಸರು ಹಚ್ಚಿದ್ರ ಕೂಸು ಇಲ್ಲಿದಾತು ನೋಡು. ಹತ್ತನೇ ಕ್ಲಾಸ ಮುಗಿಯೂತನಾ ಕಳಸೂದಿಲ್ಲ. ಅಲ್ಲೊಮ್ಮಿ ಇಲ್ಲೊಮ್ಮಿ ಅಡ್ಡಾಡಸಾಕ ಅದೇನು ಪಾರ್ಸಲ್ಲೇನು?”

“ಬರತೀನಿ ಅಂದ್ನೆಲ್ಲೊ.”

ಫೋನು ಕೈ ಬದಲಾಯಿತು. ಸಣ್ಣ ದನಿ.

“ಅಪ್ಪಾ.”

“ಹೇಳವ್ವಾ.”

“ಕಾರಿನ್ಯಾಗ ನಾ ಮುಂದ ಕೂಡ್ಲೊ, ಹಿಂದ ಕೂಡ್ಲೊ?”

“ನಿನಗ ಎಲ್ಲಿ ಬೇಕ ಅಲ್ಲಿ ಕೂಡು ನನ್ನವ್ವಾ.”

ಚನ್ನವೀರನ ಕಣ್ಣು ಟರ್ಬೊದ ಬೋಲ್ಟಿನ ಮೇಲಿತ್ತು. ಬೇವಿನ ಕೆಳಗೆ ಉಸ್ತಾದ ಕೂತಲ್ಲೇ ಒಮ್ಮೆ ಮಗ್ಗಲು ಬದಲಿಸಿದ.

ಶುಕ್ರವಾರ ಇಂಜಿನ್ ಹೊತ್ತಿತು. ಹುಲಿ ಗೊರಕೆ ಹೊಡೆದಂಥ ಸದ್ದು. ಕೋಳಿ ಸೀಟು ಬಿಟ್ಟು ಓಡಿತು. ಮುಳ್ಳುಗಳು ಒಂದೊಂದಾಗಿ ಎದ್ದು ನಿಂತವು. ಚನ್ನವೀರನ ಮುಖದಲ್ಲಿ ಎಷ್ಟೋ ದಿನದ ಮೇಲೆ ಸಣ್ಣಗೆ ಬೆಳಕು ಬಂತು.

“ಬರ್ರಿ ಉಸ್ತಾದ. ಹೊಳಿ ರಸ್ತೆದಾಗ ಒಂದು ಸುತ್ತು.”

ಉಸ್ತಾದ ಬಾಗಿಲು ತೆರೆದ. ಒಳಗೆ ಬರೀ ತಗಡು.

“ಎಲ್ಲಿ ಕೂಡ್ಲಿ?”

ಚನ್ನವೀರ ಓಡಿಹೋಗಿ ಆಯಿಲ್ ಡಬ್ಬಿ ತಂದು ಬೋರಲು ಹಾಕಿದ. “ಇದರ ಮ್ಯಾಲ ಕೂಡ್ರಿ. ಸವಕಾಶ ಹೊಡೀತೀನಿ.”

ಉಸ್ತಾದ ಡಬ್ಬಿಯ ಮೇಲೆ ಕೂತ. ಹೆಗಲ ಮೇಲಿನ ಟವೆಲ್ ತೆಗೆದು ಮೀಟರುಗಳ ಮೇಲೆ ಹೊದಿಸಿದ.

“ಹೊಡಿ.”

“ಹೆಂಗ ಹೊಡೀಲ್ರಿ? ಏನೂ ಕಾಣೂದಿಲ್ಲ!”

“ರಸ್ತಾ ಕಾಣತೈತೆಲ್ಲ.”

ಚನ್ನವೀರ ಟವೆಲ್ ಎಳೆದು ಹಿಂದಕ್ಕೆ ಎಸೆದ. ಕಾರು ಹೊರಟಿತು.

ಹೊಳೆಯ ಗುಂಟ ನೆಟ್ಟನೆಯ ರಸ್ತೆ. ಚನ್ನವೀರ ಒಮ್ಮೆ ರಸ್ತೆ ನೋಡಿದರೆ ಮೂರು ಸಲ ಮುಳ್ಳು ನೋಡುತ್ತಿದ್ದ. ಎಮ್ಮೆಯೊಂದು ಅಡ್ಡ ಬಂತು. ಉಸ್ತಾದ ಸ್ಟೇರಿಂಗನ್ನು ಒಂದು ಬೆರಳಿನಿಂದ ತಳ್ಳಿದ. ಎಮ್ಮೆ ಉಳಿಯಿತು.

“ಅದಕ್ಕ ಮೀಟರ್ ಇದ್ದಿದ್ದಿಲ್ಲ ನೋಡು” ಎಂದ.

ಚನ್ನವೀರನಿಗೆ ಕೇಳಿಸಲಿಲ್ಲ. ವೇಗ ಏರಿಸಿದ. ಟರ್ಬೊ ಸಿಳ್ಳೆ ಹಾಕಿತು. ಎದೆಯೊಳಗಿನ ಏರು ಒಂದಿಷ್ಟು ಸಪಾಟಾದಂತೆ ಅನ್ನಿಸಿತು. ಇನ್ನೂ ಏರಿಸಿದ.

ಆಯಿಲ್ ಒತ್ತಡದ ಮುಳ್ಳು ಪಟ್ಟನೆ ಕೆಳಗೆ ಬಿತ್ತು.

ಚನ್ನವೀರ ನಿಲ್ಲಿಸಲಿಲ್ಲ. ಮುಳ್ಳನ್ನೇ ನೋಡಿದ. ಬೆರಳ ಗೆಣ್ಣಿನಿಂದ ಮೀಟರಿನ ಗಾಜು ಬಡಿದ. ಮುಳ್ಳು ಏಳಲಿಲ್ಲ. ಮತ್ತೆ ಬಡಿದ.

“ಮೀಟರ್ ಸುಳ್ಳ ಹೇಳಾಕತ್ತೈತೇನ್ರಿ?” ಎಂದ. ಮತ್ತೆ ಬಡಿದ.

ಉಸ್ತಾದ ಕೈ ಚಾಚಿ ಚಾವಿ ತಿರುಗಿಸಿದ. ಇಂಜಿನ್ ನಿಂತಿತು. ಕಾರು ತೇಲುತ್ತ ಹೋಗಿ ದಾರಿಯ ಮಗ್ಗುಲಿಗೆ ನಿಂತಿತು.

ಚನ್ನವೀರ ಜಿಗಿದು ಇಳಿದ. ಬಾನೆಟ್ ಎತ್ತಿದ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ. ಕಡಿಮೆಯಾಗಿತ್ತು, ಪೂರಾ ಹೋಗಿರಲಿಲ್ಲ. ಬೇರಿಂಗ್ ಹಿಡಿದಿಲ್ಲ ತಾನೆ ಎಂದು ಇಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿದ. ತಿರುಗಿತು. ಮೇಲೆ ಕೆಳಗೆ ಹುಡುಕಿದ. ಕಡೆಗೆ ಸಿಕ್ಕಿತು. ತಾಮ್ರದ ಪೈಪು ತಗಡಿನ ತೂತು ದಾಟಿ ಒಳಗೆ ಬರುವಲ್ಲಿ ಸೀಳಿತ್ತು.

“ಉಸ್ತಾದ! ಇಂಜಿನ್ ಉಳದೈತ್ರಿ! ಹೋಗಿದ್ದು ಮೀಟರಿನ ಪೈಪು!”

“ಕಾಯಾಕ ಹಾಕಿದ ಬೇಲಿನ ಹೊಲ ಮೇಯ್ತು” ಎಂದ ಉಸ್ತಾದ ಒಳಗಿನಿಂದ.

“ಇಂಜಿನ್ ಉಳದೈತ್ರಿ!” ಎಂದ ಚನ್ನವೀರ ಮತ್ತೆ.

“ಚಲೋ ಆತು.”

ಉಸ್ತಾದ ನಿಧಾನ ಇಳಿದ. ಕುಂಟುತ್ತ ದಂಡೆ ಇಳಿದು ಹೊಳೆಗೆ ಹೋದ. ಚನ್ನವೀರನ ತಲೆ ಬಾನೆಟ್ಟಿನೊಳಗೇ ಇತ್ತು. ಸೀಳಿದ ಪೈಪು ಬಿಚ್ಚಿದ. ಅದು ಇಂಜಿನ್ನಿಗೆ ಕೂಡಿದ್ದ ತೂತಿಗೆ ಬೋಲ್ಟು ಹಾಕಿ ಮುಚ್ಚಿದ. ಎಲ್ಲ ಆದ ಮೇಲೆ ತಲೆ ಎತ್ತಿದ. ಉಸ್ತಾದ ಇರಲಿಲ್ಲ.

ಉಸ್ತಾದ ಕಲ್ಲಿನ ಮೇಲೆ ಕೂತು ಎಡಗಾಲನ್ನು ನೀರಿನಲ್ಲಿ ಇಳಿಬಿಟ್ಟಿದ್ದ. ಹರಿವ ನೀರಿನ ಮೇಲೆ ಎಣ್ಣೆಯ ಬಣ್ಣ ಬಣ್ಣದ ಪೊರೆ ಹೋಗುತ್ತಿತ್ತು.

ಚನ್ನವೀರ ಹತ್ತಿರ ಬಂದು ನೋಡಿದ. ಪಾದದ ಮೇಲೆ ಬೊಬ್ಬೆ ಎದ್ದಿತ್ತು. ಕಾದ ಎಣ್ಣೆ ಬಿದ್ದು ಬೆಂದಿತ್ತು.

“ಯಾವಾಗ ಸುಟ್ಟಿತ್ರಿ?”

“ನೀ ಗಾಜು ಬಡೀತಿದ್ದೆಲ್ಲ, ಆವಾಗ.”

“ಹೇಳಬಾರದಾಗಿತ್ತೇನ್ರಿ?”

“ಹೇಳೂದೇನು? ಬಾಜೂಕ ಕುಂತಿದ್ದೆ.”

ಚನ್ನವೀರ ನಿಂತೇ ಇದ್ದ. ಆಮೇಲೆ ಪಕ್ಕದ ಕಲ್ಲಿನ ಮೇಲೆ ಕೂತ. ಶೆಡ್ಡಿಗೆ ತಿರುಗಿ ಬಂದಂದಿನಿಂದ ಅವನು ಹೀಗೆ ಕೂತದ್ದು ಅದೇ ಮೊದಲು.

ಹೊಳೆ ತನ್ನಷ್ಟಕ್ಕೆ ಹರಿಯಿತು.

“ಅವತ್ತೂ ಹಿಂಗ ಆತ್ರಿ” ಎಂದ.

ಉಸ್ತಾದ ಕಾಲು ಅಲ್ಲಾಡಿಸಲಿಲ್ಲ.

“ಟೆಂಪೋದಾಗ ಕಸ್ತೂರಿ ತಲಿ ನನ್ನ ತೊಡಿ ಮ್ಯಾಲಿತ್ತು. ನಾ ಅಕಿ ಮಾರಿ ನೋಡ್ಲಿಲ್ಲ. ಗಾಡಿ ಎಷ್ಟು ಜೋರು ಹೊಂಟೈತಿ ಅಂತ ಮುಳ್ಳು ನೋಡ್ಕೋತ ಕುಂತೆ. ಇನ್ನೂ ಒತ್ತು, ಇನ್ನೂ ಒತ್ತು ಅಂತ ಡ್ರೈವರಗ ಬೈಕೋತ ಕುಂತೆ. ಅಕಿ ನನ್ನ ಅಂಗಿ ಹಿಡಿದಿದ್ಲು. ಯಾವಾಗ ಬಿಟ್ಟಳೊ ಗೊತ್ತಾಗ್ಲಿಲ್ಲ.”

ಉಸ್ತಾದ ಚನ್ನವೀರನ ಮುಷ್ಟಿಯಲ್ಲಿದ್ದ ಸೀಳಿದ ಪೈಪನ್ನು ಬಿಡಿಸಿಕೊಂಡ. ಬೆಳಕಿಗೆ ಹಿಡಿದ.

“ಇದು ಯಾಕ ಒಡೀತು?”

“ತಾಮ್ರ ಹಗರ ಇತ್ರಿ.”

“ಅಲ್ಲ.”

“ಒತ್ತಡ ಹೆಚ್ಚಾತು.”

“ಅಲ್ಲ. ಇಂಜಿನ್ ನಡಗೂ ವಸ್ತು. ಬಾಡಿ ನಡಗೂದಿಲ್ಲ. ಎರಡರ ನಡುವ ನೀ ಇದನ್ನ ಹೆಂಗ ಕಟ್ಟಿದ್ದಿ?”

“ಬಿಗಿ.”

“ಯಾಕ?”

“ಸುದ್ದಿ ಗಕ್ಕನ ಬರಲೆಂತ.”

“ಬಂತಲ್ಲ. ಏನು ಮಾಡಿದಿ?”

ಚನ್ನವೀರ ತನ್ನ ಬೆರಳ ಗೆಣ್ಣು ನೋಡಿಕೊಂಡ.

“ಗಾಜು ಬಡದೆ” ಎಂದ.

ಉಸ್ತಾದ ಪೈಪನ್ನು ಅವನ ತೊಡೆಯ ಮೇಲಿಟ್ಟ. ಎದ್ದ. ಚನ್ನವೀರ ತಟ್ಟನೆ ಎದ್ದು ಹೆಗಲು ಕೊಟ್ಟ. ಇಬ್ಬರೂ ದಂಡೆ ಹತ್ತಿದರು. ನಿಧಾನ ಹತ್ತಿದರು. ಬೊಬ್ಬೆಯ ಕಾಲಿಗೆ ಅದಕ್ಕಿಂತ ಜೋರು ಆಗುತ್ತಿರಲಿಲ್ಲ.

ಶನಿವಾರ ಮುಂಜಾನೆ ಉಸ್ತಾದ ಕಾಲಿಗೆ ಲೋಳಸರದ ಲೋಳೆ ಹಚ್ಚಿಕೊಂಡು ಬೇವಿನ ಕೆಳಗೆ ಕೂತಿದ್ದ. ಚನ್ನವೀರನ ಮುಂದೆ ಹೊಸ ತಾಮ್ರದ ಪೈಪು ಮತ್ತು ಸಲಿಕೆ ಇಟ್ಟಿದ್ದ.

ಚನ್ನವೀರ ಸುತ್ತತೊಡಗಿದ. ನಾಳೆ ಐತವಾರ. ಕೈ ತಾನಾಗಿ ಅವಸರ ಮಾಡಿತು. ಪೈಪು ಚಪ್ಪಟೆಯಾಯಿತು.

ಉಸ್ತಾದ ಇನ್ನೊಂದು ತುಂಡು ಎಸೆದ.

“ಹೊತ್ತು ಇಲ್ರಿ ಉಸ್ತಾದ.”

“ಅದಕ್ಕ ಸವಕಾಶ ಸುತ್ತು.”

ಚನ್ನವೀರ ಉಸಿರು ಬಿಟ್ಟ. ಹೆಬ್ಬೆರಳಿನಿಂದ ತಾಮ್ರವನ್ನು ಸವರುತ್ತ, ಹಿಡಿಕೆಯನ್ನು ತಿರುಗಿಸುತ್ತ ಸುತ್ತಿದ. ತಾಮ್ರ ಬಿಸಿಲಿಗೆ ಬೆಚ್ಚಗಾಗಿತ್ತು. ಸುರುಳಿ ಒಂದರ ಪಕ್ಕ ಒಂದು ಕೂತಿತು. ಎಳೆದರೆ ಹಿಗ್ಗಿತು. ಬಿಟ್ಟರೆ ಕುಗ್ಗಿತು. ಚನ್ನವೀರ ಎಳೆದು ಬಿಟ್ಟು, ಎಳೆದು ಬಿಟ್ಟು ನೋಡಿದ. ಹುಡುಗನಾಗಿದ್ದಾಗಲೂ ಹಾಗೇ ಮಾಡಿದ್ದ.

ಅದನ್ನು ಕೂಡಿಸಿದ. ಇಂಜಿನ್ ಹಚ್ಚಿದ. ಇಂಜಿನ್ ನಡುಗಿತು. ಸುರುಳಿ ಅದರ ಜೊತೆ ಸಣ್ಣಗೆ ತೂಗಿತು. ಮುಳ್ಳು ಎದ್ದು ನಿಂತಿತು. ಸುದ್ದಿ ಏನೂ ತಡವಾಗಲಿಲ್ಲ.

ಇಂಜಿನ್ ಆರಿಸಿದ. ಕಾರಿನೊಳಗೆ ನೋಡಿದ. ಬೋರಲು ಬಿದ್ದ ಡಬ್ಬಿ ಇತ್ತು. ಬರೀ ತಗಡಿತ್ತು. ತಗಡಿನ ಮೇಲೆ ಒಣಗಿದ ಎಣ್ಣೆ ಇತ್ತು.

ಅವನಿಗೆ ಆಗ ಕೇಳಿಸಿತು. ಮುಂದ ಕೂಡ್ಲೊ, ಹಿಂದ ಕೂಡ್ಲೊ?

ಬಾಗಿಲು ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಬೇವಿನ ಮರದ ಹತ್ತಿರ ಬಂದ.

“ಏನು?” ಎಂದ ಉಸ್ತಾದ.

“ಸೀಟು ಬೇಕಿತ್ರಿ.”

ಉಸ್ತಾದ ಸಲಿಕೆ ಊರಿ ಎದ್ದ. ಇಷ್ಟು ದಿನ ತಾನು ಕೂತಿದ್ದ ಸೀಟಿನ ಮೇಲಿನ ಬೇವಿನೆಲೆ ಕೊಡವಿದ.

“ಕೇಳೂದು ತಡಾ ಮಾಡಿದಿ. ನನಗೂ ರೂಢಿ ಆಗಿತ್ತು.”

“ಮೊದಲ ಹೇಳಬೇಕಿಲ್ರಿ, ಸೀಟಿಲ್ಲಂತ?”

“ಡಬ್ಬಿ ಮ್ಯಾಲ ಕುಂತು ಬಂದ್ನೆಲ್ಲೊ. ಇನ್ನ ಹೆಂಗ ಹೇಳ್ಬೇಕು?”

ಚನ್ನವೀರ ಸೀಟನ್ನು ಹೊತ್ತ. ಭಾರವಿತ್ತು. ಆ ಭಾರವನ್ನೇ ಅವನು ಕಿತ್ತು ಎಸೆದಿದ್ದು. ಒಳಗಿಟ್ಟು ಬೋಲ್ಟು ಬಿಗಿದ. ಮುಂದಿನ ಸೀಟಿನಿಂದ ಕೋಳಿಯನ್ನು ಎಬ್ಬಿಸಿದ. ಕೋಳಿ ಬೈಯುತ್ತ ಹೋಯಿತು. ಕೆಳಗೆ ತತ್ತಿ ಇತ್ತು.

“ತತ್ತಿ ಇಲ್ಲಿ ಕೊಡು” ಎಂದ ಉಸ್ತಾದ. “ಸೀಟಿನ ಬಾಡಿಗಿ.”

ಆ ಸೀಟು, ಬಿಡಿ ಚಕ್ರ ತಿರುಗಿ ಒಳಗೆ ಹೋದವು. ಬಾಗಿಲಿನ ಹಲಗೆ ಹೋಯಿತು. ಹಿಂದಿನ ಕಿಟಕಿಯ ಹಿಡಿಕೆ ಎಲ್ಲೂ ಸಿಗಲಿಲ್ಲ. ಹಳೆಯ ಜೀಪಿನದೊಂದು ಕಿತ್ತು ಹಾಕಿದ. ತಿರುಗಿಸಿ ನೋಡಿದ. ಗಾಜು ಕಿರ್ರೆಂದು ಇಳಿಯಿತು, ಏರಿತು.

ಎಲ್ಲ ಮುಗಿದ ಮೇಲೆ ಹಿಂದಿನ ಸೀಟನ್ನೇ ನೋಡುತ್ತ ನಿಂತ.

“ಇದರ ಮ್ಯಾಲ ಒಂದು ಕೌದಿ ಇತ್ರಿ. ಕಸ್ತೂರಿ ಹೊಲಿದಿದ್ಲು. ಸೀಟಿನ ಅಳತಿಗೆ. ತನ್ನ ಹಳೇ ಸೀರಿ, ನನ್ನ ಅಂಗಿ, ಪಾರಿ ಜಂಪರಾ ಎಲ್ಲಾ ತುಂಡು ತುಂಡು ಕೂಡಿಸಿ. ಕಿತ್ತು ಒಗೆಯೂ ಮುಂದ ನಾ ನೋಡ್ಲೇ ಇಲ್ಲ. ಮಳಿಗೆ ಹೋತೇನೊ.”

ಉಸ್ತಾದ ಕುಂಟುತ್ತ ಒಳಗೆ ಹೋದ. ತನ್ನ ಟ್ರಂಕು ತೆರೆದ ಸದ್ದಾಯಿತು. ಮಡಚಿದ ಕೌದಿ ತಂದು ಚನ್ನವೀರನ ಕೈಯಲ್ಲಿಟ್ಟ. ಕೌದಿ ಒಣಗಿತ್ತು. ಬೇವಿನೆಲೆಯ ವಾಸನೆ ಬಂತು. ನುಸಿ ಹಿಡಿಯದಂತೆ ಉಸ್ತಾದ ಮಡಿಕೆಯ ನಡುವೆ ಎಲೆ ಇಟ್ಟಿದ್ದ.

ಚನ್ನವೀರ ಅದನ್ನು ಹಾಸಿದ. ಅಂಗೈಯಿಂದ ಸುಕ್ಕು ತೆಗೆದ. ಒಂದೇ ಕಡೆ ಬಹಳ ಸಲ ತೆಗೆದ.

ಐತವಾರ ಬಿಸಿಲು ಏರುವ ಮೊದಲು ಕಾರು ಹೊರಟು ನಿಂತಿತು. ಉಸ್ತಾದ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಚನ್ನವೀರ ಒಳಗೆ ಕೂತ. ಚಾವಿ ತಿರುಗಿಸಲಿಲ್ಲ.

“ಉಸ್ತಾದ.”

“ಹೇಳು.”

“ಈ ಮೀಟರೆಲ್ಲಾ ಕಿತ್ತು ಒಗೀಲೇನ್ರಿ?”

“ಅವು ಏನು ಪಾಪ ಮಾಡ್ಯಾವ? ಇರ್ಲಿ.”

“ಮತ್ತ ನಾ ಅವನ್ನ ನೋಡ್ಕೋತ ಕೂಡ್ತೀನ್ರಿ.”

“ಕೂಸು ಮಾತಾಡ್ತೈತಿ. ಎಷ್ಟಂತ ನೋಡ್ತಿ?”

ಚನ್ನವೀರ ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದ. ಬಿಟ್ಟ. ಮತ್ತೆ ಹಿಡಿದ.

“ಗುಡ್ಡದ ಏರು ಐತ್ರಿ.”

“ಐತಿ.”

“ಇಂಜಿನ್ ಹತ್ತತೈತಿ. ಅದು ನನಗ ಗೊತ್ತೈತಿ. ಎಲ್ಲಾ ನೋಡೀನಿ, ಎಲ್ಲಾ ಬಿಗದೀನಿ. ಆದ್ರೂ...”

ಉಸ್ತಾದ ಕಾದ.

“ಆದ್ರೂ ಏರಿನ್ಯಾಗ ನಿಂತ್ರ? ಕೂಸು ಒಳಗಿರ್ತೈತಿ. ಬಯಲು. ಸುತ್ತ ಯಾರೂ ಇರೂದಿಲ್ಲ. ಗಾಡಿ ನಿಂತ್ರ ಏನ್ ಮಾಡ್ಲಿ ಉಸ್ತಾದ?”

ಉಸ್ತಾದ ನೀರಿನ ಕೊಡವನ್ನು ಎತ್ತಿ ಹಿಂದಿನ ಸೀಟಿನ ಮುಂದೆ, ಕಾಲಿಡುವಲ್ಲಿ, ಉರುಳದಂತೆ ಇಟ್ಟ. ಬಾಗಿಲು ಹಾಕಿದ. ಕಿಟಕಿಯಲ್ಲಿ ಬಗ್ಗಿದ.

“ನಿಂತ್ರ ನಿಲ್ಲಲಿ. ಮೊದಲ ಕೂಸಿಗೆ ನೆಳ್ಳು ನೋಡು. ಬಾನೆಟ್ ಆಮ್ಯಾಲ ತೆಗಿ.”